ಮನೆಯ ಚಾವಣಿಗೆ ಬಣ್ಣ: ಅಂಗಡಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ನಮ್ಮದು ಬಣ್ಣ ಮತ್ತು ಹಾರ್ಡ್‌ವೇರ್ ಅಂಗಡಿ. ಸಂಕ್ರಾಂತಿ ಕಳೆದರೆ ಯುಗಾದಿಯವರೆಗೂ ನಮಗೆ ಬಿಡುವಿಲ್ಲ. ಗೋಡೆಯ ಬಣ್ಣ ಆರಿಸಲು ಮನೆಮಂದಿಯೆಲ್ಲ ಬಂದು ಒಂದು ತಾಸು ಚರ್ಚೆ ಮಾಡುತ್ತಾರೆ; ಎದ್ದು ಹೊರಡುವಾಗ "ಚಾವಣಿಗೆ ಯಾವುದಾದರೂ ಬಿಳಿ ಕೊಟ್ಟುಬಿಡಿ" ಎನ್ನುತ್ತಾರೆ. ವರ್ಷ ತುಂಬುವುದರೊಳಗೆ ದೂರು ಬರುವುದು ಮಾತ್ರ ಬಹುಪಾಲು ಚಾವಣಿಯದೇ. ಗೋಡೆಯನ್ನು ದಿನಕ್ಕೆ ಹತ್ತು ಸಲ ಮುಟ್ಟುತ್ತೇವೆ, ಚಾವಣಿಯನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಗುಡಿಬಂಡೆ, ಗೌರಿಬಿದನೂರು ಕಡೆಯಿಂದ ಬಂದವರು ಕೇಳಿದ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಚಾವಣಿಯೋ, ಗೋಡೆಯೋ?

ಚಾವಣಿಯೇ ಮೊದಲು. ಆಮೇಲೆ ಗೋಡೆ, ಕೊನೆಗೆ ಬಾಗಿಲು ಮತ್ತು ಕಿಟಕಿ. ಮೇಲಿನಿಂದ ಬಿದ್ದ ಹನಿ ಹೊಸ ಗೋಡೆಯ ಮೇಲೆ ಕೂತರೆ ಅದನ್ನು ಅಳಿಸುವುದು ಎರಡನೇ ಕೆಲಸವಾಗುತ್ತದೆ.

ಯಾವ ತಿಂಗಳಲ್ಲಿ ಮಾಡಿಸಿದರೆ ಒಳ್ಳೆಯದು?

ಫೆಬ್ರುವರಿಯಿಂದ ಏಪ್ರಿಲ್ ಮೊದಲ ವಾರದವರೆಗೆ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಆ ನೀರನ್ನು ಕುಡಿದ ತಾರಸಿ ಪೂರ್ತಿ ಒಣಗಲು ವಾರಗಳು ಬೇಕು. ಮೇಲೆ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ತೇವ ಒಳಗೆ ಇರುತ್ತದೆ. ಆಯುಧ ಪೂಜೆಗೋ ದೀಪಾವಳಿಗೋ ಮನೆ ಹೊಳೆಯಬೇಕೆಂಬ ಆಸೆ ನನಗೂ ಅರ್ಥವಾಗುತ್ತದೆ. ಆಗ ಗೋಡೆಗಳನ್ನಷ್ಟೇ ಮಾಡಿಸಿ, ಮೇಲಂತಸ್ತಿನ ಚಾವಣಿಯನ್ನು ಯುಗಾದಿಗೆ ಉಳಿಸಿಕೊಳ್ಳಿ.

ಬೇಸಿಗೆಯಲ್ಲೂ ಒಂದು ಎಚ್ಚರ ಬೇಕು. ನೇರ ಬಿಸಿಲಿಗೆ ಒಡ್ಡಿಕೊಂಡ ತಾರಸಿ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಒಳಗಿನಿಂದಲೂ ಅಂಗೈಗೆ ಬೆಚ್ಚಗೆ ತಾಗುತ್ತದೆ. ಅಂಥ ಚಾವಣಿಯ ಮೇಲೆ ಬಣ್ಣ ಹರಡುವ ಮೊದಲೇ ಒಣಗಿ ಪಟ್ಟೆ ಬೀಳುತ್ತದೆ. ಬೆಳಗ್ಗೆ ಏಳಕ್ಕೆ ಶುರು ಮಾಡಿ ಹನ್ನೊಂದರೊಳಗೆ ಒಂದು ಕೋಣೆ ಮುಗಿಸುವುದು ವಾಸಿ.

ಹೋದ ವರ್ಷವಷ್ಟೇ ಒಳ್ಳೆಯ ಎಮಲ್ಷನ್ (ನೀರು ಬೆರೆಸಿ ಹಚ್ಚುವ ಬಣ್ಣ) ಹಚ್ಚಿಸಿದೆವು. ಈಗ ಹಪ್ಪಳದ ಹಾಗೆ ಏಳುತ್ತಿದೆ. ಬಣ್ಣವೇ ಕಳಪೆಯೇ?

ಇದಕ್ಕೆ ಉತ್ತರ ಹೇಳುವ ಮೊದಲು, ಬಿದ್ದ ಒಂದು ಚಕ್ಕೆಯನ್ನು ತಂದು ತೋರಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಈ ಅಭ್ಯಾಸ ನನಗೆ ಬಂದದ್ದು ಶಿಡ್ಲಘಟ್ಟದ ಕಡೆಯ ಒಬ್ಬ ಅಜ್ಜಿಯಿಂದ. ಅವರು ಸೆರಗಿನ ಗಂಟು ಬಿಚ್ಚಿ, ಅಂಗೈಯಗಲದ ಒಂದು ಚಕ್ಕೆಯನ್ನು ಮೇಜಿನ ಮೇಲಿಟ್ಟು "ಇದು ಅನ್ನದ ತಟ್ಟೆಗೆ ಬಿತ್ತಪ್ಪಾ" ಎಂದರು. ಅದನ್ನು ಮುರಿದು ಅಂಚನ್ನು ಬೆಳಕಿಗೆ ಹಿಡಿದೆ. ಮೇಲೆ ತೆಳುವಾದ ಬಿಳಿ ಎಮಲ್ಷನ್, ಅದರ ಹಿಂದೆ ಹಳದಿ ಡಿಸ್ಟೆಂಪರ್, ಅದರ ಹಿಂದೆ ನೀಲಿ ಬೆರೆಸಿದ ಸುಣ್ಣದ ಪದರಗಳು ಒಂದರ ಮೇಲೊಂದು. ಚಕ್ಕೆಯನ್ನು ಮಗುಚಿ ಕಪ್ಪು ಬಟ್ಟೆಯ ಮೇಲೆ ಒತ್ತಿದೆ. ಹಿಟ್ಟಿನಂಥ ಸುಣ್ಣದ ಪುಡಿ ಅಚ್ಚೊತ್ತಿದಂತೆ ಉಳಿಯಿತು.

ಬಣ್ಣದಲ್ಲಿ ದೋಷವಿರಲಿಲ್ಲ. ಅದು ಹಿಡಿದುಕೊಂಡದ್ದು ಹಿಟ್ಟನ್ನು. ಎಮಲ್ಷನ್ ಒಣಗುವಾಗ ಪೊರೆಯಾಗಿ ಬಿಗಿದುಕೊಳ್ಳುತ್ತದೆ, ಆ ಬಿಗಿತಕ್ಕೆ ಹಳೆಯ ಸುಣ್ಣ ಗಾರೆಯಿಂದ ಕಳಚಿಕೊಳ್ಳುತ್ತದೆ. ಗೋಡೆಯಾದರೆ ಸ್ವಲ್ಪ ಕಾಲ ನಿಂತೀತು. ಚಾವಣಿಯಲ್ಲಿ ಚಕ್ಕೆಯ ಭಾರವೇ ಅದನ್ನು ಕೆಳಕ್ಕೆ ಎಳೆಯುತ್ತದೆ.

ಪರೀಕ್ಷೆ ಸುಲಭ. ಏಣಿ ಹತ್ತಿ ಒದ್ದೆ ಬಟ್ಟೆಯಿಂದ ಚಾವಣಿಯನ್ನು ಉಜ್ಜಿ. ಬಟ್ಟೆ ಬೆಳ್ಳಗಾದರೆ ಸುಣ್ಣವೋ ಹಳೆಯ ಪುಡಿ ಡಿಸ್ಟೆಂಪರೋ ಇದೆ ಎಂದರ್ಥ. ಬೆಳ್ಳಗಾಗದಿದ್ದರೆ ನಾಲ್ಕೈದು ಕಡೆ ಅಗಲದ ಟೇಪನ್ನು ಗಟ್ಟಿಯಾಗಿ ಒತ್ತಿ ಒಮ್ಮೆಲೇ ಕೀಳಿ. ಟೇಪಿನ ಜೊತೆ ಬಣ್ಣ ಬಂದರೆ ಆ ಚಾವಣಿಯನ್ನು ಪೂರ್ತಿ ಕೆರೆಯಲೇಬೇಕು. ಎದ್ದ ಕಡೆ ಮಾತ್ರ ಕೆರೆದು ಪುಟ್ಟಿ (ಮೈ ನಯಗೊಳಿಸಲು ಮೆತ್ತುವ ಲೇಪ) ತುಂಬಿದರೆ, ಮುಂದಿನ ವರ್ಷ ಅದರ ಪಕ್ಕದಲ್ಲಿ ಏಳುತ್ತದೆ.

ಕೆರೆಯುವ ಮೊದಲು ನೀರು ಚಿಮುಕಿಸಿ ಹದಿನೈದು ನಿಮಿಷ ನೆನೆಯಲು ಬಿಡಿ. ಧೂಳು ಹೆಚ್ಚು ಏಳುವುದಿಲ್ಲ, ಸುಣ್ಣವೂ ಮೆತ್ತಗಾಗಿ ಕೆರೆಯುವ ಪಟ್ಟಿಗೆ ಬರುತ್ತದೆ. ಕೆರೆದ ಮೇಲೆ ಒದ್ದೆ ಸ್ಪಂಜಿನಲ್ಲಿ ಎರಡು ಸಲ ಒರೆಸಿ ಎರಡು ದಿನ ಒಣಗಿಸಿ. ಬಣ್ಣಕ್ಕೂ ಮೊದಲು ಬಳಿಯುವ ಪ್ರೈಮರ್ ಹಚ್ಚುವುದು ಅದಾದ ಮೇಲೆಯೇ. ಇಡೀ ಕೆಲಸದಲ್ಲಿ ಬೇಸರದ ಭಾಗ ಇದೇ, ಬಾಳಿಕೆ ನಿಂತಿರುವುದೂ ಇದರ ಮೇಲೆಯೇ.

ಚಾವಣಿಯಲ್ಲಿ ತೇವ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಚಾವಣಿಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಮರುದಿನ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ತೇವ ಮೇಲಿನಿಂದ ಇಳಿಯುತ್ತಿದೆ. ಆಗ ಬಣ್ಣದ ಯೋಚನೆ ಬಿಟ್ಟು ತಾರಸಿಗೆ ಹತ್ತಿ.

ಅಲ್ಲಿ ನೋಡಬೇಕಾದದ್ದು ಇಷ್ಟು: ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ಮಳೆನೀರು ಇಳಿಯುವ ಪೈಪಿನ ಬಾಯಿ, ಬಿರುಕಿನಲ್ಲಿ ಬೇರುಬಿಟ್ಟ ಅರಳಿ ಸಸಿ, ನೀರಿನ ಟ್ಯಾಂಕಿನ ಬುಡ. ನಮ್ಮ ಮನೆಯಲ್ಲೇ ನಾನು ಟ್ಯಾಂಕಿನ ಬುಡ ನೋಡದೆ ಪಡಸಾಲೆಯ ಚಾವಣಿಗೆ ಬಣ್ಣ ಹಚ್ಚಿಸಿದ್ದೆ. ತಿಂಗಳೊಳಗೆ ಟ್ಯಾಂಕಿನ ನೇರ ಕೆಳಗೆ ತಟ್ಟೆಯಗಲದ ಹಳದಿ ಉಂಗುರ ಮೂಡಿತು. ಮೋಟಾರ್ ನಿಲ್ಲಿಸುವುದು ತಡವಾದಾಗಲೆಲ್ಲ ನೀರು ತುಂಬಿ ಹರಿದು, ಟ್ಯಾಂಕಿಗೆ ಆಧಾರವಾಗಿ ಇಟ್ಟಿದ್ದ ಇಟ್ಟಿಗೆಗಳ ಸಂದಿಯಲ್ಲಿ ನಿಲ್ಲುತ್ತಿತ್ತು. ತುಂಬಿ ಹರಿಯುವ ನೀರಿಗೆ ಒಂದು ಪೈಪ್ ಜೋಡಿಸಿ ಹೊರಗೆ ಬಿಟ್ಟ ಮೇಲೆ ಅದು ನಿಂತಿತು. ಚಾವಣಿಯ ಕೆಲಸ ಮಾತ್ರ ಮತ್ತೆ ಮೊದಲಿನಿಂದ ಆಯಿತು.

ಸೋರುವ ಜಾಗ ಗೊತ್ತಾಗದಿದ್ದರೆ, ಕಾಂಕ್ರೀಟ್ ತಾರಸಿಯ ಪೈಪಿನ ಬಾಯಿ ಮುಚ್ಚಿ ಒಂದು ಅಂಗುಲ ನೀರು ನಿಲ್ಲಿಸಿ ಒಂದು ದಿನ ಕಾಯಿರಿ. ಜಂತೆಯ ತಾರಸಿಗೂ ಕಲ್ಲು ಚಪ್ಪಡಿಗೂ ಈ ಪರೀಕ್ಷೆ ಬೇಡ. ಮೇಲಂತಸ್ತಿನಲ್ಲಿ ಬಚ್ಚಲುಮನೆ ಇದ್ದರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ.

ಸೋರಿಕೆ ನಿಂತಿದೆ. ಆದರೂ ಕಂದು ಕಲೆ ಎರಡು ಕೋಟ್ ಬಣ್ಣವನ್ನು ದಾಟಿ ಮೇಲೆ ಬರುತ್ತಿದೆ.

ನೀರಿನ ಬಣ್ಣ ಹಚ್ಚಿದಷ್ಟೂ ಸಲ ಕಲೆ ಅದೇ ನೀರಿನಲ್ಲಿ ಕರಗಿ ಮೇಲೆ ಬರುತ್ತದೆ. ಕಲೆಯ ಮೇಲೆ, ಸುತ್ತ ಅರ್ಧ ಅಡಿ ಸೇರಿಸಿ, ಎಣ್ಣೆ ಆಧಾರದ ಪ್ರೈಮರ್ ಒಂದು ಕೋಟ್ ಹಚ್ಚಿ. ಒಂದು ದಿನ ಒಣಗಿದ ಮೇಲೆ ಎಮಲ್ಷನ್ ಹಚ್ಚಿ. ಜಾಗ ಪೂರ್ತಿ ಒಣಗಿರುವುದು ಮುಖ್ಯ. ಬಿಳಿ ಹತ್ತಿಯಂಥ ಉಪ್ಪು ಉಬ್ಬಿದ್ದರೆ ಅದನ್ನು ಒಣ ಬ್ರಷ್‌ನಲ್ಲಿ ಉದುರಿಸಿ, ನೀರು ಹಾಕಿ ತೊಳೆಯಬೇಡಿ. ತೊಳೆದರೆ ಉಪ್ಪು ಕರಗಿ ಒಳಕ್ಕೇ ಹೋಗುತ್ತದೆ.

ಚಾವಣಿಯ ಸಿಮೆಂಟ್ ಉದುರಿ ಒಳಗಿನ ಕಂಬಿ ಕಾಣುತ್ತಿದೆ. ಪುಟ್ಟಿ ತುಂಬಿ ಬಣ್ಣ ಹೊಡೆಯಬಹುದೇ?

ಬೇಡ. ದಯವಿಟ್ಟು ಬೇಡ. ತುಕ್ಕು ಹಿಡಿದ ಕಂಬಿ ಮೊದಲಿಗಿಂತ ದಪ್ಪವಾಗುತ್ತದೆ, ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟ್ ಸೀಳಿ ಉದುರುತ್ತದೆ. ಪುಟ್ಟಿ ಹಚ್ಚಿದರೆ ತುಕ್ಕು ನಿಲ್ಲುವುದಿಲ್ಲ, ನಿಮ್ಮ ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ. ಕಂಬಿಯ ಜಾಡಿನಲ್ಲೇ ನೇರವಾಗಿ ಓಡುವ ಬಿರುಕು, ಅದರ ಅಂಚಿನಲ್ಲಿ ಕೆಂಗಂದು ಬಣ್ಣ, ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು: ಇವುಗಳಲ್ಲಿ ಯಾವುದು ಕಂಡರೂ ಅದರ ಕೆಳಗಿನಿಂದ ಮಂಚವನ್ನೂ ಮಗುವಿನ ತೊಟ್ಟಿಲನ್ನೂ ಇವತ್ತೇ ಸರಿಸಿ, ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದು ತೋರಿಸಿ. ಇಂಥ ಚಾವಣಿಗೆ ಬಣ್ಣ ಕೇಳಿದವರಿಗೆ ನಾನು ಬಣ್ಣ ಮಾರುವುದಿಲ್ಲ.

ಕೂದಲೆಳೆಯಂಥ, ದಿಕ್ಕಿಲ್ಲದೆ ಹರಡಿದ ಬಿರುಕುಗಳ ಸಂಗತಿ ಬೇರೆ. ಅವು ಗಾರೆ ಒಣಗುವಾಗ ಬಿದ್ದವು. ಸ್ವಲ್ಪ ಅಗಲಿಸಿ, ಧೂಳು ತೆಗೆದು, ಬಿರುಕಿಗೆಂದೇ ಸಿಗುವ ಅಕ್ರಿಲಿಕ್ ಪೇಸ್ಟ್ ತುಂಬಿದರೆ ಸಾಕು.

ನಮ್ಮದು ಕಲ್ಲು ಚಪ್ಪಡಿಯ ಹಳೆಯ ಮನೆ. ಒಳಗಡೆ ಬಿಳಿ ಬಣ್ಣ ಹೊಡೆದರೆ ಬೆಳಕು ಬರುತ್ತದಲ್ಲವೇ?

ಬರುತ್ತದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಈ ಪ್ರಶ್ನೆ ಈಗಲೂ ಜೀವಂತ. ನಮ್ಮ ಕರಿಗಲ್ಲು ನೀರನ್ನು ಹೀರುವುದಿಲ್ಲ. ಹೀರದ ಮೈಗೆ ದಪ್ಪ ಬಣ್ಣ ಅಂಟುವುದಿಲ್ಲ, ಪುಟ್ಟಿಯಂತೂ ಹಲಗೆಯಂತೆ ಕಳಚಿ ಬೀಳುತ್ತದೆ. ಅದರ ಜೊತೆಗೆ ಎಷ್ಟೋ ವರ್ಷದ ಸೌದೆ ಒಲೆಯ ಜಿಡ್ಡು ಮಸಿ ಕಲ್ಲಿಗೆ ಅಂಟಿರುತ್ತದೆ. ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಗಟ್ಟಿ ಬ್ರಷ್‌ನಿಂದ ಉಜ್ಜಿ ತೊಳೆದು ಒಣಗಿಸಿ. ಚಪ್ಪಡಿಗಳ ನಡುವಿನ ಸಂದುಗಳನ್ನು ತಾರಸಿಯ ಕಡೆಯಿಂದ ಮುಚ್ಚಿಸಿ. ಒಳಗೆ ತೆಳುವಾದ ಸುಣ್ಣ ಸಾಕು, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬಹುದು.

ನನ್ನನ್ನು ಕೇಳಿದರೆ, ತೊಳೆದು ಕಲ್ಲನ್ನು ಕಲ್ಲಾಗಿಯೇ ಬಿಡಿ, ಗೋಡೆಗಳನ್ನು ಬಿಳಿ ಮಾಡಿ. ಉಳಿಯ ಗುರುತು ಇರುವ ಆ ಚಪ್ಪಡಿಗಳನ್ನು ಇನ್ನು ಯಾರೂ ಕಡಿದು ಕೊಡುವುದಿಲ್ಲ.

ಮರದ ಜಂತೆಗಳಿರುವ ತಾರಸಿಗೆ?

ಜಂತೆಗಳ ಮೇಲೆ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ ಇರುವ ಈ ಚಾವಣಿ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಅದಕ್ಕೆ ಸುಣ್ಣವೇ ಸರಿ. ಎನಾಮಲ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಜಂತೆಯ ತುದಿಗಳು ಕೊಳೆಯುತ್ತವೆ. ಗೋಡೆಯೊಳಗೆ ಸೇರುವ ಜಂತೆಯ ತುದಿಯನ್ನು ಚಾಕುವಿನ ಮೊನೆಯಿಂದ ಚುಚ್ಚಿ ನೋಡಿ. ಮೊನೆ ಸಲೀಸಾಗಿ ಇಳಿದರೆ ಗೆದ್ದಲೋ ಕೊಳೆತವೋ ಇದೆ, ಬಣ್ಣದವನಿಗಿಂತ ಮೊದಲು ಬಡಗಿಯನ್ನು ಕರೆಸಿ. ಗಟ್ಟಿ ಮರವನ್ನು ಒರೆಸಿ ಅಗಸೆ ಎಣ್ಣೆ ಸವರಿದರೆ ಅದರ ಬಣ್ಣವೇ ಚೆನ್ನಾಗಿ ಕಾಣುತ್ತದೆ.

ಸಿಮೆಂಟ್ ಶೀಟಿನ ಒಳಮೈಗೆ ಬಣ್ಣ ಹೊಡೆಯಬಹುದೇ?

ಹೊಡೆಯಬಹುದು, ಆದರೆ ಕೆರೆಯಬಾರದು, ಒಣಗಿದ್ದಾಗ ಬ್ರಷ್‌ನಿಂದ ಉಜ್ಜಬಾರದು, ತೂತು ಕೊರೆಯಬಾರದು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಆ ಧೂಳು ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರುವುದಿಲ್ಲ, ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಹುದು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒಣಗಿದ ಮೇಲೆ ಪ್ರೈಮರ್ ಮತ್ತು ಎಮಲ್ಷನ್ ಹಚ್ಚಿ. ಶೀಟ್ ಒಡೆದಿದ್ದರೆ ಬದಲಿಸಿ. ಮೇಲಿನಿಂದ ಕೆಲಸ ಮಾಡುವವರು ಬರಿ ಶೀಟಿನ ಮೇಲೆ ಕಾಲಿಡದಿರಲಿ, ಹಲಗೆ ಹಾಕಿಕೊಳ್ಳಲಿ.

ರೇಷ್ಮೆ ಹುಳು ಸಾಕುವ ಕೋಣೆಗೆ ಯಾವ ಬಣ್ಣ?

ಸುಣ್ಣ. ಬೇರೆ ಯೋಚನೆ ಬೇಡ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬರುವ ರೈತರಿಗೆ ಇದನ್ನು ನಾನು ಹೇಳಬೇಕಾಗಿಯೇ ಇಲ್ಲ. ಮನೆಯ ಒಂದು ಕೋಣೆಯಲ್ಲಿ ಹೊಸದಾಗಿ ಹುಳು ಇಡುವವರು ಕೇಳುತ್ತಾರೆ. ಹುಳುವಿಗೆ ವಾಸನೆ, ರಾಸಾಯನಿಕ ಯಾವುದೂ ಆಗದು. ಒಂದು ಬೆಳೆ ಮುಗಿದು ಚಂದ್ರಿಕೆಗಳನ್ನು (ಹುಳು ಗೂಡು ಕಟ್ಟುವ ತಟ್ಟೆಗಳನ್ನು) ಹೊರಹಾಕಿದ ಮೇಲೆ, ಮುಂದಿನ ಚಾಕಿ (ಎಳೆಯ ಹುಳು) ತರುವ ಮೊದಲು ಸುಣ್ಣ ಬಳಿದು ಒಣಗಿಸಿ, ನಂತರ ನೀವು ಪ್ರತಿ ಬೆಳೆಗೂ ಮಾಡುವ ಸೋಂಕು ನಿವಾರಣೆ ಮಾಡಿ. ಸೊಳ್ಳೆ ಓಡಿಸುವ ಗುಣವಿದೆ ಎಂದು ಮಾರುವ ಬಣ್ಣಗಳನ್ನು ಆ ಕೋಣೆಗಷ್ಟೇ ಅಲ್ಲ, ಸೊಪ್ಪು ಇಡುವ ಕೋಣೆಗೂ ಹಚ್ಚಬೇಡಿ. ಸೊಳ್ಳೆಗೆ ವಿಷವಾದದ್ದು ಹುಳುವಿಗೂ ವಿಷವೇ.

ಸುಣ್ಣವನ್ನು ಹದ ಮಾಡುವುದು ಹೇಗೆ?

ಸುಟ್ಟ ಸುಣ್ಣದ ಗಡ್ಡೆಯನ್ನು ಕಬ್ಬಿಣದ ಡ್ರಮ್ಮಿನಲ್ಲಿ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ. ಕುದಿಯುವಷ್ಟು ಬಿಸಿ ಏಳುತ್ತದೆ. ಪ್ಲಾಸ್ಟಿಕ್ ಬಕೆಟ್ ಕರಗೀತು. ಮಕ್ಕಳು ಹತ್ತಿರ ಬರದಿರಲಿ. ಎರಡು ಮೂರು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳುವಾಗಿಸಿ, ಅಂಟಿಗೆ ಗೋಂದು ಸೇರಿಸಿ. ಚಾವಣಿಯನ್ನು ಮೊದಲು ನೀರಿನಿಂದ ತೇವ ಮಾಡಿ ಮೂರು ತೆಳು ಕೋಟ್ ಬಳಿಯಿರಿ. ತಲೆಯೆತ್ತಿ ಬಳಿಯುವಾಗ ಕಣ್ಣಿಗೆ ಸುಣ್ಣ ಬಿದ್ದರೆ ದೃಷ್ಟಿಗೇ ಅಪಾಯ. ಸುತ್ತ ಮುಚ್ಚಿಕೊಳ್ಳುವ ಕನ್ನಡಕ ಹಾಕದೆ ಏಣಿ ಹತ್ತಬೇಡಿ. ಬಿದ್ದರೆ ತಕ್ಷಣ ಹದಿನೈದು ಇಪ್ಪತ್ತು ನಿಮಿಷ ಶುದ್ಧ ನೀರು ಸುರಿದು ತೊಳೆದು ಆಸ್ಪತ್ರೆಗೆ ಹೋಗಿ.

ಕಾಂಕ್ರೀಟ್ ಚಾವಣಿಗೆ ಡಿಸ್ಟೆಂಪರ್ ಸಾಕೇ, ಎಮಲ್ಷನ್ನೇ ಬೇಕೇ?

ಮಲಗುವ ಕೋಣೆ, ಪಡಸಾಲೆಗೆ ಅಕ್ರಿಲಿಕ್ ಡಿಸ್ಟೆಂಪರ್ ಸಾಕು. ಅಡುಗೆಮನೆಗೆ, ಬಚ್ಚಲಿಗೆ ಎಮಲ್ಷನ್ ತೆಗೆದುಕೊಳ್ಳಿ, ಒರೆಸಬಹುದು. ಎರಡರಲ್ಲಿ ಯಾವುದಾದರೂ ಹೊಳಪಿಲ್ಲದ ಬಣ್ಣವೇ ಇರಲಿ. ಹೊಳಪು ಬಣ್ಣ ಚಾವಣಿಯ ಪ್ರತಿ ಉಬ್ಬುತಗ್ಗನ್ನೂ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎತ್ತಿ ತೋರಿಸುತ್ತದೆ.

ಎಷ್ಟು ಬಣ್ಣ ಕೊಳ್ಳಬೇಕು?

ಉದ್ದಗಲ ಅಳೆದು ಗುಣಿಸಿ. 10 ಅಡಿಗೆ 12 ಅಡಿಯ ಕೋಣೆ ಎಂದರೆ 120 ಚದರಡಿ. ತೊಲೆ ಇಳಿದಿದ್ದರೆ ಅದರ ಎರಡು ಪಕ್ಕಗಳನ್ನೂ ಸೇರಿಸಿ. ನಯವಾದ ಮೈಯಾದರೆ ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ಗೆ ಸುಮಾರು 100ರಿಂದ 130 ಚದರಡಿ ಬರುತ್ತದೆ, ಒರಟಾದರೆ ಕಡಿಮೆ. ನೀರು ಎಷ್ಟು ಬೆರೆಸಬೇಕೆಂಬುದು ಡಬ್ಬಿಯ ಮೇಲೆಯೇ ಇದೆ. ಉಳಿಸುವ ಆಸೆಗೆ ಹೆಚ್ಚು ನೀರು ಹಾಕಿದರೆ ಎರಡರ ಬದಲು ನಾಲ್ಕು ಕೋಟ್ ಹೊಡೆಯಬೇಕಾಗುತ್ತದೆ.

ಬೋರ್‌ವೆಲ್ ನೀರು ಬೆರೆಸಬಹುದೇ?

ಪಾತ್ರೆಯಲ್ಲಿ ಬಿಳಿ ಕರೆ ಕಟ್ಟುವ ನೀರಾದರೆ ಬೇಡ. ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತಂದರೆ ಒಂದು ಮನೆಯ ಚಾವಣಿಗೆಲ್ಲ ಆಗುತ್ತದೆ.

ಹೊಸ ಮನೆ. ಗಾರೆ ಮುಗಿದು ಹದಿನೈದು ದಿನವಾಯಿತು, ಗೃಹಪ್ರವೇಶ ಹತ್ತಿರವಿದೆ.

ಕನಿಷ್ಠ 28 ದಿನ ಬೇಕು, ಹೆಚ್ಚಾದಷ್ಟೂ ಒಳ್ಳೆಯದು. ಹೊಸ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ. ಮುಹೂರ್ತ ತಪ್ಪಿಸಲಾಗದಿದ್ದರೆ ಪ್ರೈಮರ್ ಮಾತ್ರ ಹಚ್ಚಿ ಗೃಹಪ್ರವೇಶ ಮಾಡಿ. ಬಿಳಿಯಾಗಿಯೇ ಕಾಣುತ್ತದೆ, ಬಂದ ನೆಂಟರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ನಾವೇ ಹಚ್ಚಿಕೊಳ್ಳಬಹುದೇ?

ಖಂಡಿತ. ಒಂದು ಕೋಣೆಗೆ ಇಬ್ಬರು ಬೇಕು. ಸಾಮಾನು ಹೊರಗೆ ಹಾಕಿ, ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ. ಬರಿ ಪ್ಲಾಸ್ಟಿಕ್ ಹಾಸಿದರೆ ಕಾಲು ಜಾರುತ್ತದೆ. ಫ್ಯಾನಿನ ಸ್ವಿಚ್ ಆರಿಸಿದರೆ ಸಾಲದು, ಆ ಕೋಣೆಗೆ ಕರೆಂಟ್ ಪೂರ್ತಿ ನಿಲ್ಲಿಸುವ ಎಂಸಿಬಿ ಸ್ವಿಚ್ಚನ್ನೇ ಇಳಿಸಿ. ಫ್ಯಾನಿನ ಮೇಲಿನ ಬಟ್ಟಲನ್ನು ಸಡಿಲಿಸಿ ಕೆಳಗೆ ಜಾರಿಸಿ, ರೆಕ್ಕೆಗಳಿಗೆ ಹಳೆಯ ಸೀರೆ ಸುತ್ತಿ.

ಗೋಡೆ ಸೇರುವ ಅಂಚಿಗೆ ಬ್ರಷ್‌ನಿಂದ ಮೂರು ಅಂಗುಲ ಪಟ್ಟಿ ಎಳೆದುಕೊಳ್ಳಿ. ಉಳಿದದ್ದು ಉದ್ದ ಕೋಲಿನ ರೋಲರ್‌ನ ಕೆಲಸ. ಕೋಲಿದ್ದರೆ ನೆಲದ ಮೇಲೇ ನಿಂತು ಹಚ್ಚಬಹುದು, ಕುತ್ತಿಗೆಯೂ ಉಳಿಯುತ್ತದೆ. ರೋಲರನ್ನು ಬಣ್ಣದಲ್ಲಿ ಮುಳುಗಿಸಬೇಡಿ, ತಟ್ಟೆಯ ಇಳಿಜಾರಿನಲ್ಲಿ ಎರಡು ಮೂರು ಸಲ ಉರುಳಿಸಿ ಹಿಂಡಿ. ನೇರ ತಲೆಯ ಮೇಲೆ ಹಚ್ಚದೆ ಒಂದು ಹೆಜ್ಜೆ ಮುಂದೆ ಹಚ್ಚಿ. ಮೂರು ಅಡಿ ಅಗಲದ ಪಟ್ಟಿಯಂತೆ ಸಾಗಿ, ಒಂದರ ಅಂಚು ಹಸಿ ಇರುವಾಗಲೇ ಮುಂದಿನದನ್ನು ಅದರ ಮೇಲೆ ಸ್ವಲ್ಪ ಹತ್ತಿಸಿ. ನಡುವೆ ಊಟಕ್ಕೆ ಏಳಬಾರದು. ಅಲ್ಲಿ ಬಿದ್ದ ಗೆರೆ ಎರಡನೇ ಕೋಟಿನಲ್ಲೂ ಕಾಣುತ್ತದೆ. ಕೊನೆಯ ಕೋಟನ್ನು ಕಿಟಕಿಯ ಬೆಳಕು ಬರುವ ದಿಕ್ಕಿಗೇ ಎಳೆದರೆ ರೋಲರ್ ಗುರುತು ಕಣ್ಣಿಗೆ ಬೀಳುವುದಿಲ್ಲ. ಒಂದು ಕೋಟ್‌ಗೂ ಇನ್ನೊಂದಕ್ಕೂ ನಾಲ್ಕರಿಂದ ಆರು ಗಂಟೆ ಬಿಡಿ.

ದೇವರ ಮನೆಯ ಚಾವಣಿ ಮಸಿ ಹಿಡಿದಿದೆ. ಬಚ್ಚಲಿನದು ಬೂಷ್ಟು ಹಿಡಿದಿದೆ.

ಎಣ್ಣೆ ದೀಪದ ಮಸಿಯಲ್ಲಿ ಜಿಡ್ಡಿರುತ್ತದೆ. ಸೋಪು ನೀರಿನಲ್ಲಿ ತೊಳೆಯದೆ ಬಣ್ಣ ಹಚ್ಚಿದರೆ ಕಲಸಿದಂತಾಗುತ್ತದೆ. ಬೂಷ್ಟಿಗೆ ಒಂದು ಭಾಗ ಬ್ಲೀಚ್ ದ್ರಾವಣಕ್ಕೆ ಮೂರು ಭಾಗ ನೀರು ಸೇರಿಸಿ ಸವರಿ, ಹದಿನೈದು ನಿಮಿಷ ಬಿಟ್ಟು ತೊಳೆಯಿರಿ. ಬ್ಲೀಚ್ ಜೊತೆ ಆಸಿಡ್ ಅಥವಾ ಬೇರೆ ಯಾವ ಕ್ಲೀನರನ್ನೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಮನೆಯಲ್ಲಿ ಬಾಣಂತಿ, ಹಸುಗೂಸು ಇದ್ದಾರೆ. ಹಳೆಯ ಬಣ್ಣ ಕೆರೆಸಬಹುದೇ?

ಅವರು ಮನೆಯಲ್ಲಿರುವಾಗ ಬೇಡ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮ ದೇಶದಲ್ಲಿ ಮನೆ ಬಣ್ಣಗಳ ಸೀಸಕ್ಕೆ ದಶಲಕ್ಷಕ್ಕೆ 90 ಭಾಗದ ಮಿತಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಗುವಿನ ಮಿದುಳಿಗೆ ಹಾನಿ ಮಾಡಬಲ್ಲದು. ಬಾಣಂತನ ತವರಿನಲ್ಲಿ ನಡೆಯುವಾಗ ಕೆಲಸ ಮುಗಿಸಿಕೊಳ್ಳಿ. ಕೆರೆಯುವುದು ಒದ್ದೆ ಮಾಡಿಯೇ ಇರಲಿ, ಕಸವನ್ನು ಚೀಲದಲ್ಲಿ ಕಟ್ಟಿ, ನೆಲವನ್ನು ಗುಡಿಸದೆ ಒರೆಸಿ.

ಮೇಸ್ತ್ರಿಗೆ ಒಪ್ಪಿಸುವಾಗ ಏನು ಮಾತಾಡಿಕೊಳ್ಳಬೇಕು?

ಚದರಡಿಗೆ ಎಷ್ಟು ಎಂದು ಕೇಳಿದರೆ ಸಾಲದು. ಕೆರೆಯುವುದು ಅದರಲ್ಲಿ ಸೇರಿದೆಯೇ, ಪುಟ್ಟಿ ಎಷ್ಟು ಕೋಟ್, ಪ್ರೈಮರ್ ಇದೆಯೇ, ಬಣ್ಣ ಎಷ್ಟು ಕೋಟ್ ಎಂದು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಕೆರೆಯುವ ಕೂಲಿಯನ್ನು ಬೇರೆಯಾಗಿಯೇ ಕೊಡಿ, ಅದರಲ್ಲಿ ಚೌಕಾಸಿ ಮಾಡಬೇಡಿ; ಕತ್ತು ಎತ್ತಿ ದಿನವಿಡೀ ಧೂಳು ಕುಡಿಯುವ ಕೆಲಸ ಅದು. ಕೆಲಸದವರಿಗೆ ಕನ್ನಡಕ, ಮಾಸ್ಕ್ ನೀವೇ ತೆಗೆದುಕೊಡಿ. ಕೆರೆತ ಮುಗಿದು ಪುಟ್ಟಿ ಶುರುವಾಗುವ ದಿನ ಮಾತ್ರ ಬೇರೆ ಕೆಲಸ ಬಿಟ್ಟು ಮನೆಯಲ್ಲಿರಿ. ನೀವೇ ಏಣಿ ಹತ್ತಿ, ನಾಲ್ಕು ಮೂಲೆ ಮತ್ತು ಫ್ಯಾನಿನ ಸುತ್ತ ಅಂಗೈಯಿಂದ ಒರೆಸಿ ನೋಡಿ. ಅಂಗೈಗೆ ಪುಡಿ ಅಂಟದಿದ್ದರೆ ಪುಟ್ಟಿ ಕಲಸಲು ಹೇಳಿ.